ಕೂಸು ಐಸಿಯುನಿಂದ ಮನೆಗೆ ಬರುವ ಮುಂಚೆ ಅಜ್ಜಿಯನ್ನು ವಾರ್ಡಿಗೆ ಕರೆಸಿ

ನಾನು ವಿಜಯಪುರದಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ ಕಡೆಯಿಂದ ದಿನ ತುಂಬದೆ ಹುಟ್ಟಿದ ಕೂಸುಗಳು ನಮ್ಮಲ್ಲಿ ಬರುತ್ತವೆ. ಒಂದೂಕಾಲು ಕಿಲೋ, ಒಂದೂವರೆ ಕಿಲೋ ಇರುತ್ತವೆ. ವಾರಗಟ್ಟಲೆ ವಾರ್ಮರ್ ಕೆಳಗೆ ಮಲಗಿದ ಮೇಲೆ ಒಂದು ದಿನ ಡಾಕ್ಟರು "ನಾಳೆ ಬಿಡೋಣ" ಅನ್ನುತ್ತಾರೆ. ತಾಯಿಗೆ ಖುಷಿ, ಅದರ ಹಿಂದೆಯೇ ಹೆದರಿಕೆ. ಇಲ್ಲಿ ಮಾನಿಟರ್ ಇತ್ತು, ರಾತ್ರಿಯೆಲ್ಲಾ ಎಚ್ಚರ ಇರುವ ಸಿಸ್ಟರ್ ಇದ್ದರು. ಮನೆಯಲ್ಲಿ ಯಾರು?

ಮನೆಯಲ್ಲಿ ಅಜ್ಜಿ ಇರುತ್ತಾರೆ. ನಮ್ಮ ಕಡೆ ಬಾಣಂತನ ನಡೆಯುವುದೇ ಅವರ ಕೈಯಲ್ಲಿ ಅಲ್ವಾ? ತವರಿನಲ್ಲಾದರೆ ಅವ್ವ, ಗಂಡನ ಮನೆಯಲ್ಲಾದರೆ ಅತ್ತೆ. ಎಣ್ಣೆ, ನೀರು, ಹೊಗೆ, ಕಾಡಿಗೆ ಎಲ್ಲಾ ಅವರ ಮಾತಿನಂತೆ. ನಾವು ವಾರ್ಡಿನಲ್ಲಿ ಪಾಠ ಹೇಳುವುದು ಮಾತ್ರ ಇಪ್ಪತ್ತೊಂದು ವರ್ಷದ ಹುಡುಗಿಗೆ. ಆಕೆ ಮನೆಗೆ ಹೋಗಿ "ಸಿಸ್ಟರ್ ಹಿಂಗ ಹೇಳ್ಯಾರ" ಅಂದರೆ, "ನಾವೇನು ಮಕ್ಕಳನ್ನ ಹಡದಿಲ್ಲೇನ?" ಅನ್ನುವ ಉತ್ತರ ಬರುತ್ತದೆ. ಹಾಗಾಗಿ ನಾನು ಮೊದಲು ಹೇಳುವುದು ಇದನ್ನೇ. ಡಿಸ್ಚಾರ್ಜಿಗೆ ಎರಡು ಮೂರು ದಿನ ಇರುವಾಗಲೇ, ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರನ್ನು ಡಾಕ್ಟರ ಅನುಮತಿ ತೆಗೆದುಕೊಂಡು ಒಳಗೆ ಕರೆಸಿ. ಕೈ ತೊಳೆಸಿ, ಕೂಸನ್ನು ಅವರ ಎದೆಗೆ ಕೊಡಿಸಿ. ಆಮೇಲೆ ನೋಡಿ, ಮನೆಯಲ್ಲಿ ಅವರೇ ನಿಮ್ಮ ಸಿಸ್ಟರ್.

ಅವರು ಕಲಿಯಬೇಕಾದ ಮೊದಲ ಕೆಲಸ ಕಾಂಗರೂ ಆರೈಕೆ. ಕೂಸಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಬಿಟ್ಟು ಬೇರೆ ಬಟ್ಟೆ ಬೇಡ. ಎದೆಯ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇಡಿ. ಕೈಕಾಲು ಕಪ್ಪೆಯ ಹಾಗೆ ಮಡಿಚಿರಲಿ. ತಲೆ ಒಂದು ಪಕ್ಕಕ್ಕೆ, ಗದ್ದ ಸ್ವಲ್ಪ ಮೇಲಕ್ಕೆ. ಗದ್ದ ಎದೆಗೆ ಬಾಗಿದರೆ ಉಸಿರಿಗೆ ತೊಂದರೆ. ಒಗೆದು ಒಗೆದು ಮೆತ್ತಗಾದ ಹಳೇ ನೂಲಿನ ಸೀರೆಯಿಂದ ಕಟ್ಟಿ, ಮೂಗು ಬಾಯಿ ಕಾಣುವಂತಿರಲಿ. ಒಂದು ಸಲ ಇಟ್ಟರೆ ಕನಿಷ್ಠ ಒಂದು ತಾಸು. ದಿನಕ್ಕೆ 8 ತಾಸಿನಿಂದ 24 ತಾಸಿನವರೆಗೆ, ಎಷ್ಟು ಆಗುತ್ತದೋ ಅಷ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತಾಯಿ ಒಬ್ಬಳಿಂದ ಅಷ್ಟು ಆಗುವ ಮಾತಲ್ಲ. ಊಟಕ್ಕೆ, ಸ್ನಾನಕ್ಕೆ, ನಿದ್ದೆಗೆ ಆಕೆ ಏಳಲೇಬೇಕು. ಆಗ ಅಜ್ಜಿ ಕೂರಲಿ, ಅಪ್ಪ ಕೂರಲಿ. ಹೊಲದಿಂದ ಬಂದ ಅಪ್ಪ ಸ್ನಾನ ಮಾಡಿ, ಅಂಗಿ ತೆಗೆದು ಕೂಸನ್ನು ಎದೆಗೆ ಇಟ್ಟುಕೊಂಡರೆ ಅದೇ ಬಿಸಿ ಸಿಗುತ್ತದೆ.

ಬಿಸಿ ಸಾಕೋ ಇಲ್ಲವೋ ನೋಡಲು ಕೂಸಿನ ಹೊಟ್ಟೆ, ಪಾದ ಎರಡನ್ನೂ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಕೂಸಿಗೆ ಚಳಿ ಹತ್ತಿದೆ, ತಕ್ಷಣ ಎದೆಗೆ ಇಡಿ. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ. ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಡಿಸೆಂಬರ್ ರಾತ್ರಿ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಏಪ್ರಿಲ್ ಬೇರೆ. 40 ಡಿಗ್ರಿ ಬಿಸಿಲಲ್ಲಿ ಕುಂಚಿಗೆ, ಅದರ ಮೇಲೆ ಕೌದಿ ಸುತ್ತಿದರೆ ಕೂಸಿನ ಮೈ ಸುಡುತ್ತದೆ. ಆಗ ಒಂದು ತೆಳು ಬಟ್ಟೆ ಸಾಕು. ಕೂಲರ್ ಗಾಳಿ ನೇರವಾಗಿ ಬಡಿಯಬಾರದು.

ಇನ್ನು ಹೊಗೆ. ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಸಂಜೆಗೆ ಲೋಬಾನ, ಇವನ್ನು ಬಿಡಿಸುವುದು ಕಷ್ಟ. ಅದರ ಹಿಂದೆ ಪ್ರೀತಿ ಇದೆ, ನನಗೆ ಗೊತ್ತು. ಆದರೆ ಈ ಕೂಸಿನ ಪುಪ್ಪುಸ ಮೊನ್ನೆಯವರೆಗೂ ಮಷೀನಿನ ಗಾಳಿಯಿಂದ ಕೆಲಸ ಮಾಡಿದೆ. ಬೆಂಕಿ, ಲೋಬಾನ, ಊದಿನಕಡ್ಡಿ, ಬೀಡಿ ಯಾವುದರ ಹೊಗೆಯೂ ಅದಕ್ಕೆ ತಡೆಯುವುದಿಲ್ಲ. ಬಾಣಂತಿಗೆ ಬಿಸಿನೀರು ಬೇಕಾದಷ್ಟು ಹಾಕಿ. ಕೂಸಿಗೆ ಸದ್ಯ ಸ್ನಾನವೇ ಬೇಡ, ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಬೇಗ ಒರೆಸಿ ಒಣಗಿಸಿ. ಸ್ನಾನ ಯಾವಾಗ ಅಂತ ತೂಕ ನೋಡಿ ಡಾಕ್ಟರು ಹೇಳುತ್ತಾರೆ. ಕಿವಿಗೆ, ಮೂಗಿಗೆ ಎಣ್ಣೆ ಬೇಡ. ಕಣ್ಣಿಗೆ ಕಾಡಿಗೆ ಬೇಡ. ದೃಷ್ಟಿ ಬೊಟ್ಟು ಇಡಲೇಬೇಕು ಅಂದರೆ ಪಾದಕ್ಕೆ ಇಡಿ.

ಹಾಲಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲ ಮನೆಯಲ್ಲೂ ಇದೆ. ಕೂಸು ಸುಮ್ನೆ ಮಲಗಿದರೆ "ಗುಣದ ಕೂಸು" ಅನ್ನುತ್ತಾರೆ. ದಿನ ತುಂಬದ ಕೂಸು ಹಸಿವಾದರೂ ಅಳುವುದಿಲ್ಲ, ಅಳಲು ಶಕ್ತಿ ಇರುವುದಿಲ್ಲ. ಎರಡು ತಾಸಿಗೊಮ್ಮೆ ನೀವೇ ಎಬ್ಬಿಸಿ ಕುಡಿಸಬೇಕು, ರಾತ್ರಿಯೂ. ಎದೆ ಚೀಪಿ ಬೇಗ ದಣಿದರೆ, ಹಾಲು ಹಿಂಡಿ ಒಳಲೆಯಲ್ಲೋ ಚಮಚದಲ್ಲೋ ತುಟಿಯ ಮೂಲೆಯಿಂದ ನಿಧಾನಕ್ಕೆ ಕೊಡಿ. ಒಳಲೆ ಹಿಡಿಯುವುದು ಅಜ್ಜಿಯರಿಗೆ ನಮಗಿಂತ ಚೆನ್ನಾಗಿ ಬರುತ್ತದೆ. ಅದನ್ನು ಪ್ರತಿ ಸಲ ನೀರಲ್ಲಿ ಕುದಿಸಿ. ಬಾಟಲಿ, ಜೇನುತುಪ್ಪ, ಸಕ್ಕರೆ ನೀರು, ಬಜೆ, ಗುಟ್ಟಿ ಯಾವುದೂ ಬೇಡ. ದಿನಕ್ಕೆ 20ರಿಂದ 30 ಗ್ರಾಂ ತೂಕ ಏರುತ್ತಿದ್ದರೆ, ಆರು ಸಲವಾದರೂ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ. ಒಂದೇ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿಸಿ.

ಡ್ರಾಪ್ಸ್ ಬಗ್ಗೆ ಎಚ್ಚರ ಇರಲಿ. ವಿಟಮಿನ್ ಡಿ ಸಾಮಾನ್ಯವಾಗಿ ದಿನಕ್ಕೆ 400 ಯೂನಿಟ್. ಒಂದು ಕಂಪನಿಯ ಒಂದು ಎಂಎಲ್‌ನಲ್ಲಿ 400 ಇದ್ದರೆ ಇನ್ನೊಂದರಲ್ಲಿ 800 ಇರುತ್ತದೆ. ಅಂಗಡಿಯವರು ಬೇರೆ ಬಾಟಲಿ ಕೊಟ್ಟರೆ, ಎಷ್ಟು ಹಾಕಬೇಕು ಅಂತ ಮತ್ತೆ ಕೇಳಿ. ಕಬ್ಬಿಣದ ಡ್ರಾಪ್ಸ್ ಕೊಟ್ಟರೆ ಕಕ್ಕ ಕಪ್ಪಗಾಗಬಹುದು, ಗಾಬರಿ ಬೇಡ.

ಕಣ್ಣಿನ ತಪಾಸಣೆಯ ಬಗ್ಗೆ ನಾನು ಕೈಹಿಡಿದು ಹೇಳುತ್ತೇನೆ, ದಯವಿಟ್ಟು ಬಿಡಬೇಡಿ. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಕೂಸಿನ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಸರಿಯಾಗಿ ಬೆಳೆಯದೆ ಹೋಗಬಹುದು. ಹೊರಗಿನಿಂದ ಏನೂ ಕಾಣುವುದಿಲ್ಲ, ಕೂಸು ಪಿಳಿಪಿಳಿ ನೋಡುತ್ತಲೇ ಇರುತ್ತದೆ. ಹುಟ್ಟಿದ 30 ದಿನದೊಳಗೆ ಮೊದಲ ತಪಾಸಣೆ ಆಗಬೇಕು. ತೀರಾ ಸಣ್ಣ ಕೂಸಿಗೆ ಇನ್ನೂ ಬೇಗ. ಹೊತ್ತಿಗೆ ಸರಿಯಾಗಿ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ, ತಡವಾದರೆ ಜೀವನಪೂರ್ತಿ ಕುರುಡು. ಒಂದು ಸಲ ನೋಡಿ "ಮತ್ತೆ ಬನ್ನಿ" ಅಂದರೆ ಹೋಗಲೇಬೇಕು. ಆ ದಿನ ತೊಟ್ಟಿಲ ಕಾರ್ಯಕ್ರಮ ಇದ್ದರೆ ಮುಂದಕ್ಕೆ ಹಾಕಿ. ಕಿವಿಯ ತಪಾಸಣೆಯೂ ಆಗಲಿ. ಲಸಿಕೆಗಳು ಹುಟ್ಟಿದ ದಿನದ ಲೆಕ್ಕದಲ್ಲೇ, "ಕೂಸು ಸಣ್ಣದು" ಅಂತ ಸುಮ್ಮನೆ ಮುಂದೂಡಬೇಡಿ.

ಕೆಲವು ಕೂಸುಗಳು ಆಕ್ಸಿಜನ್ ಮಷೀನಿನ ಜೊತೆ ಮನೆಗೆ ಹೋಗುತ್ತವೆ. ಕರೆಂಟ್ ಹೋದರೆ ಏನು ಎಂಬುದಕ್ಕೆ ಮೊದಲೇ ಉತ್ತರ ಬೇಕು: ತುಂಬಿದ ಸಿಲಿಂಡರ್ ಒಂದು ಮನೆಯಲ್ಲಿ ಇರಲೇಬೇಕು. ಆ ಕೋಣೆಯಲ್ಲಿ ದೀಪ, ಊದಿನಕಡ್ಡಿ, ಒಲೆ ಯಾವುದೂ ಉರಿಯಬಾರದು.

ಉಸಿರು ಎಣಿಸುವುದನ್ನು ವಾರ್ಡಿನಲ್ಲೇ ಕಲಿಯಿರಿ. ಕೂಸು ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ. 60 ಅಥವಾ ಜಾಸ್ತಿ ಇದ್ದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಇದ್ದರೆ ಹೊರಡಿ. ಐದು ಹತ್ತು ಸೆಕೆಂಡ್ ಉಸಿರು ನಿಂತು ಮತ್ತೆ ಬರುವುದು ಇಂಥ ಕೂಸುಗಳಲ್ಲಿ ಇದೆ. 20 ಸೆಕೆಂಡ್ ನಿಂತರೆ ಅಥವಾ ತುಟಿ ನೀಲಿಯಾದರೆ ಅಂಗಾಲು ತಟ್ಟಿ, ಕತ್ತು ನೇರ ಮಾಡಿ, 108ಕ್ಕೆ ಕರೆ ಮಾಡಿ. ಹಾಲು ಬಿಟ್ಟರೆ, ಎದೆ ಒಳಗೆ ಎಳೆದರೆ, ಫಿಟ್ಸ್ ಬಂದರೆ, ಜ್ವರ ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ದಾರಿಯುದ್ದಕ್ಕೂ ಕೂಸು ಎದೆಯ ಮೇಲೇ ಇರಲಿ.

ಇನ್ನು ನೋಡಲು ಬರುವವರು. ಹಿಂದೆ ಪುರುಡು ಅಂತ ಬಾಣಂತಿ ಕೋಣೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಈ ಕೂಸಿಗೆ ಆ ಪದ್ಧತಿಯೇ ಒಳ್ಳೆಯದು, ಇನ್ನೂ ಎರಡು ತಿಂಗಳು ಮುಂದುವರಿಸಿ. ಬೀಗರು ಬಂದು ಕೂಸನ್ನು ಎತ್ತಿಕೊಳ್ಳುತ್ತೇವೆ ಅಂದಾಗ ಸೊಸೆ ಬೇಡ ಅನ್ನಲಾರಳು. "ಕೂಸಿಗೆ ನೆಗಡಿ ಹತ್ತತೈತಿ, ದೂರದಿಂದ ನೋಡ್ರಿ" ಅಂತ ಬಾಗಿಲಲ್ಲೇ ನಿಂತು ಹೇಳುವ ಧೈರ್ಯ ಅಜ್ಜಿಗೆ ಮಾತ್ರ ಇದೆ. ಆ ಕೆಲಸ ಅವರಿಗೇ ವಹಿಸಿ.

ಊರಿಗೆ ಬಂದ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಡಿಸ್ಚಾರ್ಜ್ ಕಾರ್ಡ್ ತೋರಿಸಿ. ಮನೆಗೆ ಬಂದು ತೂಕ, ಬಿಸಿ, ಉಸಿರು ನೋಡುವುದು ಅವರ ಕೆಲಸವೇ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ವಾಹನ ಎಲ್ಲಾ ಉಚಿತ. ಖರ್ಚಿಗೆ ಹೆದರಿ ತಡ ಮಾಡಬೇಡಿ. ವಾರ್ಡಿನಿಂದ ಹೊರಡುವಾಗ ಅಲ್ಲಿನ ಫೋನ್ ನಂಬರ್ ಬರೆದುಕೊಳ್ಳಿ, ಅಜ್ಜಿಯ ಫೋನಿನಲ್ಲೂ ಹಾಕಿಕೊಡಿ.