ಓದೋಕಾಗದ ಪುಸ್ತಕಗಳ ಮುಂದೆ

ಗೋಡೆಯ ಮೇಲೆ ಒಂದು ಹಲಗೆ. ಅದಕ್ಕೆ ಅಂಟಿಸಿದ ಹನ್ನೊಂದು ಪುಸ್ತಕ. ಕೆಲವು ಮುಚ್ಚಿವೆ, ಕೆಲವು ಅರೆ ತೆರೆದಿವೆ. ಎಲ್ಲಕ್ಕೂ ಕಪ್ಪು ಬಣ್ಣ, ಅಲ್ಲಲ್ಲಿ ತುಕ್ಕಿನಂಥ ಕೆಂಪು. ಈ ಕೃತಿಯ ಬಗ್ಗೆ ನೋಡಲು ಬಂದವರಿಗೆ ನಾನು ಹತ್ತು ನಿಮಿಷ ಮಾತಾಡಬೇಕಿತ್ತು.

ಮೊದಲ ದಿನ ಕತ್ತು ಓರೆ ಮಾಡಿಕೊಂಡು ಬೆನ್ನಿನ ಮೇಲಿನ ಹೆಸರು ಹುಡುಕಿದೆ. ಪುಸ್ತಕ ಕಂಡರೆ ಓದೋದೇ ಅಭ್ಯಾಸ, ಅಲ್ವಾ? ಒಂದರಲ್ಲಿ ಬಣ್ಣದಡಿ ಎರಡು ಅಕ್ಷರ ಉಬ್ಬಿ ಕಂಡವು, ಅಷ್ಟೇ. ಕೊನೆಗೆ 'ಜ್ಞಾನದ ಸಾವು' ಅಂತ ಬರೆದುಕೊಂಡೆ. ಕೇಳೋಕೆ ಗತ್ತಾಗಿತ್ತು. ಆದರೆ ಆ ಮಾತನ್ನು ಬಣ್ಣ ಬಳಿದ ಯಾವ ಪುಸ್ತಕದ ಬಗ್ಗೆಯೂ ಹೇಳಬಹುದು, ಕೃತಿ ನೋಡದೇನೂ ಹೇಳಬಹುದು.

ಮರುದಿನ ಅರ್ಥದ ಗೊಡವೆ ಬಿಟ್ಟೆ. ಏನೇನು ಮಾಡಿದ್ದಾರೆ ಅನ್ನೋದನ್ನಷ್ಟೇ ಬರೆಯುತ್ತಾ ಹೋದೆ. ಅಂಟಿಸಿದ್ದಾರೆ, ಮಡಚಿದ್ದಾರೆ, ರಟ್ಟು ಕಿತ್ತಿದ್ದಾರೆ. ಆಗ ಕಣ್ಣಿಗೆ ಬಿದ್ದದ್ದು ಬಣ್ಣ ಇಳಿದ ದಿಕ್ಕು. ಉಳಿದ ಕಡೆ ಅದು ಪುಸ್ತಕದಿಂದ ಹಲಗೆಗೆ ನೇರ ಕೆಳಗಿಳಿದಿತ್ತು. ಎಡಮೂಲೆಯ ದಪ್ಪ ಪುಸ್ತಕದ ಮೇಲೆ ಮಾತ್ರ ಅಡ್ಡಕ್ಕೆ ಹರಿದಿತ್ತು. ಅಂದರೆ ಅದಕ್ಕೆ ಮೊದಲೇ ಬಣ್ಣ ಬಳಿದು, ಒಣಗಿದ ಮೇಲೆ ತಿರುಗಿಸಿ ಅಂಟಿಸಿದ್ದಾರೆ. ಬದಿಯಿಂದ ನೋಡಿದೆ. ತೇವ ಕುಡಿದ ಹಾಳೆಗಳ ಅಂಚು ಅಲೆ ಅಲೆಯಾಗಿ ಉಬ್ಬಿತ್ತು.

ನಡುವಿನ ಪುಸ್ತಕ ಬೆರಳಗಲ ತೆರೆದಿತ್ತು. ಆ ಸಂದಿಯೊಳಗೆ ಬಣ್ಣ ಸೋಕಿರಲಿಲ್ಲ. ಹಳದಿಗಟ್ಟಿದ ಹಾಳೆ, ಅದರ ಮೇಲೆ ಅಚ್ಚಿನ ಸಾಲು. ಸಾಲು ಅಂತ ಗೊತ್ತಾಗುತ್ತದೆ, ಅಕ್ಷರ ಹಿಡಿಯೋಕಾಗಲ್ಲ. ಬೆರಳು ಹಾಕಿ ಬಿಡಿಸೋಣ ಅನಿಸುತ್ತದೆ, ಪಕ್ಕದಲ್ಲೇ 'ಮುಟ್ಟಬೇಡಿ' ಫಲಕ! ನನ್ನ 'ಸಾವು' ಅಲ್ಲೇ ಬಿದ್ದುಹೋಯಿತು. ಸಾಯಿಸೋದೇ ಆಗಿದ್ದರೆ ಆ ಸಂದಿಯನ್ನು ಯಾಕೆ ಬಿಡಬೇಕಿತ್ತು? ಕೊಟ್ಟೂ ಕೊಡದ ಹಾಗೆ ಕೈಗೆಟುಕದಂತೆ ಇಟ್ಟ ಪುಸ್ತಕ ಇದು ಅಂತ ನನಗೆ ಅನಿಸಿತು. ಕಲಾವಿದರು ಹಾಗೆ ಅಂದುಕೊಂಡಿರಲಿಕ್ಕಿಲ್ಲ. ಪರವಾಗಿಲ್ಲ, ನಾನು ಬೆರಳು ತೋರಿಸಿ ಹೇಳಬಲ್ಲ ಮಾತು ಅದು.

ಇಷ್ಟಾದ ಮೇಲೇ ಪುಸ್ತಕವನ್ನೇ ಕಲೆಯಾಗಿಸಿದವರ ಇತಿಹಾಸ ತೆರೆದೆ. ಬ್ರಿಟಿಷ್ ಕಲಾವಿದ ಜಾನ್ ಲೇಥಮ್ 1958ರಿಂದ ಪುಸ್ತಕಗಳನ್ನು ಪ್ಲಾಸ್ಟರ್‌ನಲ್ಲಿ ಕೂರಿಸಿ ಬಣ್ಣ ಹಾಕುತ್ತಿದ್ದರು. ಆ ಕೆಲಸಕ್ಕೆ ಇಟ್ಟ ಹೆಸರು 'ಸ್ಕೂಬ್'. 'ಬುಕ್ಸ್' ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಬರುವುದು. ಆಮೇಲೆ ಪುಸ್ತಕಗಳ ಗೋಪುರ ಕಟ್ಟಿ ಸುಟ್ಟರು. 1966ರಲ್ಲಿ ವಿದ್ಯಾರ್ಥಿಗಳ ಜೊತೆ ಸೇರಿ ಲೈಬ್ರರಿ ಪುಸ್ತಕವೊಂದರ ಹಾಳೆ ಜಗಿದು ಉಗಿದು, ಅದರ ರಸವನ್ನು ಪುಟ್ಟ ಶೀಶೆಯಲ್ಲಿ ತುಂಬಿ ಮರುವರ್ಷ ಲೈಬ್ರರಿಗೆ ವಾಪಸ್ ಕೊಟ್ಟರು. ಪಾಠ ಹೇಳುವ ಕೆಲಸ ಹೋಯಿತು. ಎಂಥಾ ಕತೆ! ಅದಕ್ಕೇ ನಾನು ಇದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಜನ ನಗುತ್ತಾರೆ, ಹಲಗೆ ಕಡೆ ತಿರುಗೋದೇ ಇಲ್ಲ.

ಈಗ ಬಂದವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: ಇದರಲ್ಲಿ ಮೊದಲು ಯಾವುದನ್ನು ಅಂಟಿಸಿರಬಹುದು? ಮೊನ್ನೆ ಒಬ್ಬರು ಉತ್ತರ ಹುಡುಕುತ್ತಾ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ನೋಡಿದರು. "ಇದಕ್ಕೆ ಹಾಳೆಗಳೇ ಇಲ್ವಲ್ಲಾ?" ಅಂದರು. ನಾನೂ ಬಗ್ಗಿ ನೋಡಿದೆ. ಬಣ್ಣ ಬಳಿದ ಮರದ ತುಂಡು.

ಪುಸ್ತಕ ಇದ್ದದ್ದು ಹತ್ತೇ.