ಇಂಟರ್ನೆಟ್ ಬೇಡದ ಆ್ಯಪ್: ತೋಟದ ಕೂಲಿ ಲೆಕ್ಕವನ್ನು ಪ್ಲೇ ಸ್ಟೋರ್‌ಗೆ ತಂದ ನನ್ನ ಅನುಭವ

ನಾನು ಒಬ್ಬನೇ ಕೂತು ಆ್ಯಪ್ ಮಾಡುವವನು. ಕಂಪನಿ ಇಲ್ಲ, ತಂಡ ಇಲ್ಲ, ಸರ್ವರ್ ಕೂಡ ಇಲ್ಲ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ನಾನು ಮಾಡಿದ ಆ್ಯಪ್‌ಗಳಲ್ಲಿ ಜನ ಜಾಸ್ತಿ ಬಳಸುವುದು ಅಡಿಕೆ ತೋಟದ ಕೂಲಿ ಲೆಕ್ಕದ್ದು. ಯಾರು ಯಾವತ್ತು ಕೆಲಸಕ್ಕೆ ಬಂದರು, ಇಡೀ ದಿನವೋ ಅರ್ಧ ದಿನವೋ, ಮುಂಗಡ ಎಷ್ಟು ತಗೊಂಡಿದ್ದಾರೆ, ಬಟವಾಡೆ ದಿನ ಕೈಗೆ ಎಷ್ಟು ಕೊಡಬೇಕು. ಇಷ್ಟೇ ಅದರ ಕೆಲಸ.

ಈ ಆ್ಯಪ್‌ಗೆ ಇಂಟರ್ನೆಟ್ ಬಳಸುವ ಅನುಮತಿಯನ್ನೇ ನಾನು ಇಟ್ಟಿಲ್ಲ. ಶುರುವಿನಲ್ಲೇ ಮಾಡಿದ ಈ ಒಂದು ತೀರ್ಮಾನ ಆಮೇಲಿನ ಬಹಳಷ್ಟು ಕೆಲಸವನ್ನು ಹಗುರ ಮಾಡಿತು. ಒಬ್ಬರೇ ಆ್ಯಪ್ ಮಾಡಿ ಬಿಡುವವರಿಗೆ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ನಂಬಿಕೆ.

ಕಾರಣ ಎರಡು. ಒಂದು, ಮಲೆನಾಡಿನಲ್ಲಿ ಜಗಲಿಯ ಮೂಲೆಯಲ್ಲಿ ಸಿಗುವ ಸಿಗ್ನಲ್ ತೋಟಕ್ಕೆ ಇಳಿದರೆ ಸಿಗುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಎರಡನೆಯದು ನನಗೆ ಇನ್ನೂ ಮುಖ್ಯ. ಮುಂಗಡದ ಲೆಕ್ಕ ಅಂದರೆ ಒಂದು ಮನೆಯ ಕಷ್ಟದ ಲೆಕ್ಕ. ಮಗಳ ಫೀಸು, ಆಸ್ಪತ್ರೆ, ಹಬ್ಬ. ಅದು ಕೊಟ್ಟವರ ಮತ್ತು ತಗೊಂಡವರ ನಡುವೆ ಇರಬೇಕಾದದ್ದು. ಎಲ್ಲೋ ಕೂತ ನನ್ನ ಹತ್ತಿರ ಅದು ಯಾಕೆ ಬರಬೇಕು?

ನಮ್ಮ ಕಡೆ ಆಳು ಲೆಕ್ಕ ಬರೆಯುವುದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಮೇಲೆ. ತಾರೀಖಿನ ಚೌಕದೊಳಗೆ ಸಣ್ಣದಾಗಿ ಹೆಸರಿನ ಗುರುತು, ಪಕ್ಕದಲ್ಲಿ 1 ಅಥವಾ ½. ಬಹಳ ಮನೆಗಳಲ್ಲಿ ಇದನ್ನು ಬರೆಯುವುದು ಹೆಂಗಸರು. ಹಾಗಾಗಿ ಆ್ಯಪ್‌ನ ಮುಖ್ಯ ಪರದೆಯೂ ಒಂದು ತಿಂಗಳ ಕ್ಯಾಲೆಂಡರ್. ಚೌಕವನ್ನು ಒಂದು ಸಲ ಮುಟ್ಟಿದರೆ ಇಡೀ ದಿನ, ಇನ್ನೊಂದು ಸಲ ಮುಟ್ಟಿದರೆ ಅರ್ಧ, ಮತ್ತೆ ಮುಟ್ಟಿದರೆ ಖಾಲಿ. ಚಿಕ್ಕಮ್ಮನ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆ. ಅವರು ಏನೂ ಕೇಳದೆ ಹಿಂದಿನ ವಾರದ ಲೆಕ್ಕ ತುಂಬಿಸಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಇದು: "ತಮ್ಮಾ, ಅಡಿಕೆ ಸುಲಿದವ್ರಿಗೆ ದಿನದ ಲೆಕ್ಕ ಅಲ್ವಲ್ಲ, ಕೆಜಿ ಲೆಕ್ಕ. ಅದನ್ನ ಎಲ್ಲಿ ಹಾಕ್ಲಿ?"

ದಿನಗೂಲಿ, ಸುಲಿತದ ಕೆಜಿ ಲೆಕ್ಕ, ಕೊನೆ (ಅಡಿಕೆ ಗೊನೆ) ಕೊಯ್ಯುವವರ ಮರದ ಲೆಕ್ಕ. ಮೂರಕ್ಕೂ ಜಾಗ ಬಂದದ್ದು ಹೀಗೆ. ಇಲ್ಲೊಂದು ಒಳಗಿನ ವಿಷಯ ಹೇಳಬೇಕು. ಕೂಲಿ ದರ ಕೊಯ್ಲಿನ ಮಧ್ಯದಲ್ಲೇ ಏರುತ್ತದೆ. ದರವನ್ನು ಆಳಿನ ಹೆಸರಿನ ಜೊತೆ ಮಾತ್ರ ಇಟ್ಟುಕೊಂಡರೆ, ದರ ಬದಲಿಸಿದ ತಕ್ಷಣ ಹಳೆಯ ದಿನಗಳ ಲೆಕ್ಕವೂ ಬದಲಾಗಿಬಿಡುತ್ತದೆ. ಅದಕ್ಕೆ ಪ್ರತಿ ದಿನದ ದಾಖಲೆಯ ಜೊತೆಗೇ ಆ ದಿನದ ದರವನ್ನೂ ಬರೆದಿಡುತ್ತೇನೆ. ಕೋಡ್ ಬರೆಯಲು ಕೋಟ್ಲಿನ್ ಭಾಷೆ, ಪರದೆ ಕಟ್ಟಲು ಕಂಪೋಸ್, ಲೆಕ್ಕ ಇಡಲು ಫೋನಿನೊಳಗಿನ ರೂಮ್ ಡೇಟಾಬೇಸ್. ಬೇರೇನೂ ಬೇಕಾಗಲಿಲ್ಲ.

ಇಂಟರ್ನೆಟ್ ಅನುಮತಿ ಬಳಕೆದಾರರನ್ನು ಕೇಳಿ ಪಡೆಯುವಂಥದ್ದಲ್ಲ. ಆ್ಯಪ್‌ಗೆ ಏನೇನು ಅನುಮತಿ ಬೇಕು ಅಂತ ಬರೆದಿಡುವ ಮ್ಯಾನಿಫೆಸ್ಟ್ ಫೈಲಿನಲ್ಲಿ ಒಂದು ಸಾಲು ಬರೆದರೆ ಸಿಕ್ಕಿಬಿಡುತ್ತದೆ. ನೀವು ಬರೆಯದಿದ್ದರೂ, ಸೇರಿಸಿಕೊಂಡ ಯಾವುದೋ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತನ್ನ ಮ್ಯಾನಿಫೆಸ್ಟ್‌ನಿಂದ ಆ ಸಾಲನ್ನು ಒಳಗೆ ತಂದಿರಬಹುದು. ಅದಕ್ಕೆ ಪ್ರತಿ ಬಿಡುಗಡೆಗೆ ಮೊದಲು ಆ್ಯಪ್ ಬರೆಯುವ ಸಾಧನವಾದ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ, ಇವೆಲ್ಲ ಸೇರಿದ ಮೇಲಿನ 'ಮರ್ಜ್ಡ್ ಮ್ಯಾನಿಫೆಸ್ಟ್' ನೋಟವನ್ನು ತೆರೆದು ಪೂರ್ತಿ ಓದುತ್ತೇನೆ. ಜಾಹೀರಾತಿಗಾಗಿ ಫೋನನ್ನು ಗುರುತಿಸುವ ಐಡಿಯ ಅನುಮತಿ, ನೆಟ್‌ವರ್ಕ್ ಸ್ಥಿತಿ ನೋಡುವ ಅನುಮತಿ ಇವೆಲ್ಲ ಇಲ್ಲೇ ಕಣ್ಣಿಗೆ ಬೀಳುವುದು. ಕೆಲವೇ ನಿಮಿಷದ ಕೆಲಸ, ಬಿಡಬೇಡಿ.

ಕನ್ನಡದ ಆ್ಯಪ್ ಮಾಡುವವರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. ನಮ್ಮ ಹಳ್ಳಿಗಳಲ್ಲಿ ಕನ್ನಡವನ್ನೇ ಓದುವವರ ಫೋನಿನ ಭಾಷೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅಂಗಡಿಯಲ್ಲಿ ಹೇಗೆ ಕೊಟ್ಟರೋ ಹಾಗೇ. ಪ್ಲೇ ಸ್ಟೋರ್‌ಗೆ ಈಗ ಆ್ಯಪ್ ಬಂಡಲ್ (ಆ್ಯಪ್‌ನ ಎಲ್ಲ ತುಂಡುಗಳನ್ನೂ ಒಟ್ಟಿಗೆ ಕಟ್ಟಿದ ಫೈಲ್) ರೂಪದಲ್ಲೇ ಕೊಡಬೇಕು, ಹೊಸ ಆ್ಯಪ್‌ಗಳಿಗೆ 2021ರ ಆಗಸ್ಟ್‌ನಿಂದ ಇದೇ ನಿಯಮ. ಬಂಡಲ್ ಏನು ಮಾಡುತ್ತದೆ ಅಂದರೆ, ಫೋನಿನ ಭಾಷೆ ಯಾವುದೋ ಆ ಭಾಷೆಯ ಪಠ್ಯವನ್ನು ಮಾತ್ರ ಕಳಿಸುತ್ತದೆ. ಕನ್ನಡ ಪಠ್ಯ ಪ್ರತ್ಯೇಕ ಫೋಲ್ಡರಿನಲ್ಲಿದ್ದರೆ ಇಂಗ್ಲಿಷ್ ಫೋನಿಗೆ ಅದು ಬರುವುದೇ ಇಲ್ಲ. ನಾನು ಕನ್ನಡವನ್ನೇ ಮೂಲ ಭಾಷೆಯಾಗಿ ಇಟ್ಟೆ. ಬೇರೆ ಭಾಷೆಯ ಫೋಲ್ಡರೇ ಇಲ್ಲ. ಎರಡು ಭಾಷೆ ಬೇಕು ಅನ್ನುವವರು ಆ್ಯಪ್ ಕಟ್ಟುವ ಸೂಚನೆಗಳಿರುವ ಬಿಲ್ಡ್ ಫೈಲಿನಲ್ಲಿ ಭಾಷೆಯ ವಿಂಗಡಣೆಯನ್ನು ನಿಲ್ಲಿಸಬಹುದು.

ಇನ್ನು ಒತ್ತಕ್ಷರ. ಬಟನ್ ಎತ್ತರವನ್ನು ಇಷ್ಟೇ ಅಂತ ಗಟ್ಟಿ ಮಾಡಿದರೆ 'ಒಟ್ಟು' ಅನ್ನುವಲ್ಲಿ ಕೆಳಗಿನ ಒತ್ತು ಅರ್ಧ ಮಾಯ. 'ಲಕ್ಷ್ಮಿ' ಅಂತ ಬರೆದರೆ ಕೆಳಗಿನ ಮಕಾರ ಕಾಣುವುದೇ ಇಲ್ಲ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ಆಂಡ್ರಾಯ್ಡ್ 14ರಿಂದ ಅದು 200% ತನಕ ಹೋಗುತ್ತದೆ. ಹಾಗಾಗಿ ಎತ್ತರಕ್ಕೆ ಕನಿಷ್ಠ ಅಳತೆ ಮಾತ್ರ ಕೊಟ್ಟು, ಮೇಲೆ ಎಷ್ಟು ಬೇಕಾದರೂ ಬೆಳೆಯಲು ಬಿಟ್ಟೆ. ಪ್ರತಿ ಪರದೆಯನ್ನೂ 'ಲಕ್ಷ್ಮಿ' ಹೆಸರು ಹಾಕಿ, 200% ಅಕ್ಷರದಲ್ಲಿ ನೋಡುತ್ತೇನೆ. ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ಗುಂಡಿನೊಳಗೆ ತೋರಿಸುವ ಅಲಂಕಾರವನ್ನೂ ಬಿಟ್ಟೆ. ಶ್ರೀಧರ ಅನ್ನುವವರಿಗೆ ಬರೀ 'ಶ' ತೋರಿಸುವುದು ಚೆಂದವಲ್ಲ. ಪೂರ್ತಿ ಹೆಸರಿಗೇ ಜಾಗ ಕೊಟ್ಟರಾಯಿತು.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ಪರೀಕ್ಷೆಯ ಹಂತ. ಪ್ಲೇ ಸ್ಟೋರ್‌ನಲ್ಲಿ ಡೆವಲಪರ್ ಖಾತೆಗೆ 25 ಡಾಲರ್, ಒಂದೇ ಸಲ ಕಟ್ಟಿದರೆ ಸಾಕು. ಗುರುತಿನ ಪರಿಶೀಲನೆ ಆಗುತ್ತದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಆ್ಯಪ್ ಅನ್ನು ನೇರ ಎಲ್ಲರಿಗೂ ಬಿಡಲು ಆಗುವುದಿಲ್ಲ. ಮೊದಲು ಕ್ಲೋಸ್ಡ್ ಟೆಸ್ಟಿಂಗ್, ಅಂದರೆ ಆಯ್ದ ಕೆಲವರಿಗೆ ಮಾತ್ರ ಕೊಟ್ಟು ಪರೀಕ್ಷೆ ಮಾಡಬೇಕು. ಶುರುವಿನಲ್ಲಿ 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಿದರು. ಕನಿಷ್ಠ 12 ಜನ ಪರೀಕ್ಷೆಗೆ ಸೇರಿ, ಸತತ 14 ದಿನ ಅದರಲ್ಲಿ ಉಳಿದಿರಬೇಕು.

ಪರಸ್ಪರ ಆ್ಯಪ್ ಹಾಕಿಕೊಳ್ಳುವ ಡೆವಲಪರ್ ಗುಂಪುಗಳಿವೆ. ಲೆಕ್ಕಕ್ಕೆ ಜನ ಸಿಗುತ್ತಾರೆ, ಆದರೆ ಅವರಿಗೆ ತೋಟ ಇಲ್ಲ, ಬಟವಾಡೆ ಇಲ್ಲ. ನಾನು ನಿಜವಾಗಿ ಕೂಲಿ ಕೊಡುವವರನ್ನೇ ಹುಡುಕಿದೆ. ನೆಂಟರು, ಅಕ್ಕಪಕ್ಕದ ತೋಟದವರು, ಕೊಯ್ಲಿನ ಚೇಣಿ (ಫಸಲಿನ ಗುತ್ತಿಗೆ) ಹಿಡಿಯುವ ಪರಿಚಯದವರು. ತೊಡಕು ಬಂದದ್ದು ಪರೀಕ್ಷಕರ ಪಟ್ಟಿಗೆ ಹಾಕಬೇಕಾದ ಜಿಮೇಲ್ ವಿಳಾಸದಲ್ಲಿ. ಬಹಳ ಜನರಿಗೆ ಖಾತೆ ಮಾಡಿಕೊಟ್ಟವರು ಮೊಬೈಲ್ ಅಂಗಡಿಯವರು. ತಮ್ಮ ಇಮೇಲ್ ಯಾವುದು ಅಂತಲೇ ಗೊತ್ತಿರುವುದಿಲ್ಲ. ಪ್ಲೇ ಸ್ಟೋರ್ ತೆರೆದು ಬಲಗಡೆ ಮೇಲಿನ ಗುಂಡು ಚಿತ್ರವನ್ನು ಮುಟ್ಟಿದರೆ ವಿಳಾಸ ಕಾಣುತ್ತದೆ, ಅದರ ಸ್ಕ್ರೀನ್‌ಶಾಟ್ ಕಳಿಸಿ ಅಂತ ಕೇಳಿದೆ. ಆಮೇಲೆ ಒಬ್ಬರು ಫೋನ್ ಮಾಡಿ, "ಲಿಂಕ್ ಒತ್ತಿದ್ರೆ ಆ್ಯಪ್ ಸಿಗ್ತಿಲ್ಲ ಅಂತ ಬರ್ತಿದೆ ಮಾರಾಯ" ಅಂದರು. ಅವರ ಫೋನಿನಲ್ಲಿ ಎರಡು ಖಾತೆ. ಕ್ರೋಮ್‌ನಲ್ಲಿ ತೆರೆದಿದ್ದು ಮಗನ ಖಾತೆ, ಪಟ್ಟಿಯಲ್ಲಿದ್ದದ್ದು ಅವರದ್ದು. ಖಾತೆ ಬದಲಿಸಿದ ಮೇಲೆ ಸರಿಹೋಯಿತು. ಇಂಥವನ್ನು ದೂರದಿಂದ ಬಿಡಿಸುವುದಕ್ಕಿಂತ ಮನೆಗೆ ಹೋಗಿ ಚಾ ಕುಡಿದು ಮಾಡಿಕೊಡುವುದು ಸುಲಭ. ಹನ್ನೆರಡೇ ಬೇಕಾದರೂ ಸ್ವಲ್ಪ ಜಾಸ್ತಿ ಜನರನ್ನು ಸೇರಿಸಿಕೊಳ್ಳಿ. ಯಾರೋ ಒಬ್ಬರು ಪರೀಕ್ಷೆಯಿಂದ ಹೊರಗೆ ಹೋದರೂ ಎಣಿಕೆ ಕೆಳಗಿಳಿಯಬಾರದು.

ಪರೀಕ್ಷೆ ನಡೆದದ್ದು ಮಳೆಗಾಲದಲ್ಲಿ, ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವ ಹೊತ್ತಿನಲ್ಲಿ. ಒದ್ದೆ ಬೆರಳಿಗೆ ಸಣ್ಣ ಚೌಕ ಸರಿಯಾಗಿ ಸಿಗುವುದಿಲ್ಲ ಅಂತ ಗೊತ್ತಾದದ್ದು ಆಗಲೇ. ತಿಂಗಳ ನೋಟದ ಜೊತೆಗೆ ಒಂದು ವಾರದ ದೊಡ್ಡ ನೋಟ ಸೇರಿಸಿದೆ. ಇನ್ನೊಂದು ಮುಖ್ಯ ಬದಲಾವಣೆಯೂ ಈ ಜನರಿಂದಲೇ ಬಂತು. ಬಟವಾಡೆಯಲ್ಲಿ ಮುಂಗಡವನ್ನೆಲ್ಲ ಒಂದೇ ಸಲ ಯಾರೂ ಮುರಿದುಕೊಳ್ಳುವುದಿಲ್ಲ. ಆಳಿನ ಕೈಗೆ ವಾರದ ಖರ್ಚಿಗಾದರೂ ದುಡ್ಡು ಹೋಗಬೇಕು. ಹಾಗಾಗಿ 'ಈ ಸಲ ಎಷ್ಟು ಮುರಿದುಕೊಳ್ಳಬೇಕು' ಅಂತ ಆ್ಯಪ್ ಕೇಳುತ್ತದೆ, ಉಳಿದದ್ದು ಮುಂದಕ್ಕೆ ಹೋಗುತ್ತದೆ. ತಿಂಗಳ ಲೆಕ್ಕವನ್ನು ಚಿತ್ರವಾಗಿ ಆಳಿನ ವಾಟ್ಸಾಪ್‌ಗೆ ಕಳಿಸುವ ಬಟನ್ ಕೂಡ ಇದೆ. ಲೆಕ್ಕ ಇಬ್ಬರ ಹತ್ತಿರವೂ ಇರಬೇಕು, ಅಲ್ವಾ? ಕಳಿಸುವ ಕೆಲಸ ವಾಟ್ಸಾಪ್‌ನದ್ದು. ನನ್ನ ಆ್ಯಪ್ ಚಿತ್ರವನ್ನು ಅದರ ಕೈಗೆ ಕೊಡುತ್ತದೆ, ಅಷ್ಟೆ.

14 ದಿನ ಮುಗಿದ ಮೇಲೆ, ಆ್ಯಪ್ ಅನ್ನು ಎಲ್ಲರಿಗೂ ಬಿಡಲು ಅರ್ಜಿ ಹಾಕುವಾಗ ಪ್ರಶ್ನೆಗಳು ಬರುತ್ತವೆ. ಪರೀಕ್ಷಕರನ್ನು ಹೇಗೆ ಹುಡುಕಿದಿರಿ, ಅವರು ಏನು ಹೇಳಿದರು, ನೀವು ಏನು ಬದಲಿಸಿದಿರಿ. ಒದ್ದೆ ಬೆರಳು, ಮುಂಗಡ, ಕೆಜಿ ಲೆಕ್ಕ ಎಲ್ಲ ಇದ್ದದ್ದನ್ನು ಇದ್ದ ಹಾಗೆ ಬರೆದೆ. ನಿಜವಾದ ಬಳಕೆದಾರರಿದ್ದರೆ ಈ ಉತ್ತರಗಳಿಗೆ ತಡಕಾಡಬೇಕಾಗಿಲ್ಲ.

ಉಳಿದ ಫಾರಂಗಳು ಸಲೀಸು. ಏನನ್ನೂ ಸಂಗ್ರಹಿಸದಿದ್ದರೂ ಪ್ರೈವಸಿ ಪಾಲಿಸಿಯ ಪುಟ ಬೇಕೇ ಬೇಕು. ನನ್ನದು ಕೆಲವೇ ಸಾಲು, ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಬಳಕೆದಾರರ ಯಾವ ಮಾಹಿತಿ ತಗೊಳ್ಳುತ್ತೀರಿ ಅಂತ ಕೇಳುವ ಡೇಟಾ ಸೇಫ್ಟಿ ಫಾರಂನಲ್ಲಿ ಫೋನಿನಿಂದ ಆಚೆ ಹೋಗದ ಮಾಹಿತಿಯನ್ನು ಸಂಗ್ರಹ ಅಂತ ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ಅದು ಬೇಗ ಮುಗಿಯಿತು.

ಪ್ಲೇ ಸ್ಟೋರ್‌ನ ಆ್ಯಪ್ ಪುಟದಲ್ಲಿ ಹೆಸರಿಗೆ ಹೆಚ್ಚೆಂದರೆ 30 ಅಕ್ಷರ, ಚಿಕ್ಕ ವಿವರಣೆಗೆ 80. ಕನ್ನಡದಲ್ಲಿ ಗುಣಿತ, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. 'ಲೆಕ್ಕ' ಕಣ್ಣಿಗೆ ಎರಡು ಅಕ್ಷರ, ಎಣಿಕೆಯಲ್ಲಿ ಐದು. ಜನ ಹುಡುಕುವಾಗ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುವುದು ಜಾಸ್ತಿ. ಅದಕ್ಕೆ ಹೆಸರಿನಲ್ಲಿ ಎರಡೂ ಲಿಪಿ ಇಟ್ಟೆ. ಇಂಗ್ಲಿಷ್ ಪುಟದಲ್ಲೂ ಕನ್ನಡದ ಪರದೆಗಳ ಚಿತ್ರವನ್ನೇ ಹಾಕಿದೆ. ಇಂಗ್ಲಿಷ್ ಫೋನಿನವರಿಗೆ ಕಾಣುವುದು ಆ ಪುಟವೇ.

ಸರ್ವರ್ ಇಲ್ಲದ್ದಕ್ಕೆ ಬೆಲೆ ತೆರಬೇಕಾದದ್ದು ಬ್ಯಾಕಪ್‌ನಲ್ಲಿ. ಆಂಡ್ರಾಯ್ಡ್ ತಾನಾಗಿ ಪ್ರತಿ ಆ್ಯಪ್‌ನ 25 ಎಂಬಿ ತನಕ ಬಳಕೆದಾರರ ಗೂಗಲ್ ಖಾತೆಗೆ ಉಳಿಸುತ್ತದೆ. ಕೂಲಿ ಲೆಕ್ಕಕ್ಕೆ ಅಷ್ಟು ಧಾರಾಳ. ಆದರೆ ಸಾಮಾನ್ಯವಾಗಿ ಅದು ನಡೆಯುವುದು ಫೋನ್ ವೈಫೈನಲ್ಲಿದ್ದಾಗ. ವೈಫೈ ಇಲ್ಲದ ಮನೆಯಲ್ಲಿ ತಿಂಗಳುಗಟ್ಟಲೆ ಆಗದೇ ಇರಬಹುದು. ಅದನ್ನೇ ನಂಬಿ ಒಂದು ಕೊಯ್ಲಿನ ಲೆಕ್ಕ ಬಿಡಲು ನನಗೆ ಧೈರ್ಯ ಬರಲಿಲ್ಲ. ಬಟವಾಡೆ ಮುಗಿದ ತಕ್ಷಣ ಆ್ಯಪ್ ಒಂದು ಬ್ಯಾಕಪ್ ಫೈಲ್ ಮಾಡಿ, 'ಮನೆಯವರಿಗೆ ಕಳಿಸಿಡಿ' ಅಂತ ಕೇಳುತ್ತದೆ. ಫೋನ್ ತೋಟದ ಹೊಂಡಕ್ಕೆ ಬಿದ್ದರೂ ಹೆಂಡತಿಯ ಅಥವಾ ಮಗನ ವಾಟ್ಸಾಪ್‌ನಲ್ಲಿ ಲೆಕ್ಕ ಉಳಿದಿರುತ್ತದೆ.

ದುಡ್ಡಿನ ವಿಷಯ. ಜಾಹೀರಾತು ಹಾಕಿದರೆ ಇಂಟರ್ನೆಟ್ ಅನುಮತಿ ಬೇಕು, ಅಲ್ಲಿಗೆ ಕತೆ ಮುಗಿಯಿತು. ಒಮ್ಮೆ ಉಚಿತವಾಗಿ ಬಿಟ್ಟ ಆ್ಯಪ್‌ಗೆ ಆಮೇಲೆ ಬೆಲೆ ಇಡಲು ಪ್ಲೇ ಸ್ಟೋರ್ ಬಿಡುವುದಿಲ್ಲ. ಇದನ್ನು ಮೊದಲೇ ಯೋಚಿಸಿಕೊಳ್ಳಿ. ನಾನು ಎರಡು ಆ್ಯಪ್ ಮಾಡಿದೆ. ಸ್ವಂತ ತೋಟದವರಿಗೆ ಉಚಿತ. ಹಲವು ತೋಟ, ಹಲವು ಗುಂಪು ನೋಡಿಕೊಳ್ಳುವ ಚೇಣಿದಾರರಿಗೆ ಒಂದೇ ಸಲ ಬೆಲೆ ಕೊಟ್ಟು ಕೊಳ್ಳುವ ಇನ್ನೊಂದು. ಮಾರಾಟದಲ್ಲಿ ಗೂಗಲ್ ಮುರಿದುಕೊಳ್ಳುವ ಶುಲ್ಕ ಇದೆ, ಅದರಲ್ಲಿ ಶೇಕಡಾ 15ರ ದರಕ್ಕೆ ನಾವೇ ಹೆಸರು ನೋಂದಾಯಿಸಬೇಕು. ವರ್ಷದ ಮೊದಲ 10 ಲಕ್ಷ ಡಾಲರ್ ವರೆಗಿನ ಆದಾಯಕ್ಕೆ ಅದು ಅನ್ವಯ. ಬೆಲೆ ಇಟ್ಟ ಮೇಲೆ ನಿಮ್ಮ ಪೂರ್ತಿ ವಿಳಾಸ ಆ್ಯಪ್ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ. ಮನೆಯವರನ್ನು ಕೇಳಿಯೇ ಮುಂದುವರಿಯಿರಿ. ಬರುವ ದುಡ್ಡಿನಲ್ಲಿ ಮನೆ ನಡೆಯುವುದಿಲ್ಲ, ಅದಕ್ಕೆ ಬೇರೆ ಕೆಲಸ ಇದೆ. ಆದರೆ ಸರ್ವರ್ ಬಾಡಿಗೆ ಇಲ್ಲದ್ದರಿಂದ ಬಂದದ್ದು ಉಳಿಯುತ್ತದೆ. ಐಫೋನ್‌ಗೆ ಆ್ಯಪ್ ಬಿಡಲು ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್. ನನ್ನ ಬಳಕೆದಾರರ ಕೈಯಲ್ಲಿ ಐಫೋನ್ ಇಲ್ಲ, ಹಾಗಾಗಿ ಸದ್ಯಕ್ಕೆ ಅದರ ಯೋಚನೆ ಇಲ್ಲ.

ಬಿಡುಗಡೆ ಮಾಡಿದ್ದು ಕೊಯ್ಲು ಶುರುವಾಗುವ ಮೊದಲು. ಆಳುಗಳು ಬರತೊಡಗಿದ ಮೇಲೆ ಹೊಸ ಆ್ಯಪ್ ಕಲಿಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಹರಡಿದ್ದು ಬಾಯಿಂದ ಬಾಯಿಗೆ, ವಾಟ್ಸಾಪ್ ಗುಂಪಿನಿಂದ ಗುಂಪಿಗೆ. ಲಿಂಕ್ ಹಂಚಿ, ಫೋನಿನಿಂದ ತೆಗೆದ ಫೈಲ್ ಹಂಚಬೇಡಿ ಅಂತ ಹೇಳುತ್ತಲೇ ಇರಬೇಕು. ಬಂಡಲ್‌ನಿಂದ ಬಂದ ಆ್ಯಪ್ ತುಂಡು ತುಂಡಾಗಿ ಫೋನಿನಲ್ಲಿ ಕೂತಿರುತ್ತದೆ, ಒಂದು ತುಂಡನ್ನು ಮಾತ್ರ ಕಳಿಸಿದರೆ ಇನ್ನೊಂದು ಫೋನಿನಲ್ಲಿ ನಡೆಯುವುದಿಲ್ಲ.

ಆಮೇಲೂ ಪ್ರತಿ ವರ್ಷ ಕೆಲಸ ಇದ್ದೇ ಇದೆ. 2025ರ ಆಗಸ್ಟ್ 31ರಿಂದ ಹೊಸ ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ಕ್ಕೆ ಹೊಂದಿಕೊಂಡಿರಬೇಕು ಅನ್ನುವ ನಿಯಮ ಬಂತು. ಆಂಡ್ರಾಯ್ಡ್ 15ರಲ್ಲಿ ಪರದೆ ತುದಿಯಿಂದ ತುದಿಗೆ ಹರಡುತ್ತದೆ. ಅದಕ್ಕೆ ತಕ್ಕಂತೆ ಜಾಗ ಬಿಡದಿದ್ದರೆ ಕೆಳಗಿನ 'ಉಳಿಸಿ' ಬಟನ್ ಫೋನಿನ ನ್ಯಾವಿಗೇಶನ್ ಪಟ್ಟಿಯ ಅಡಿಗೆ ಸರಿಯುತ್ತದೆ. ಅದನ್ನು ಸರಿಮಾಡಿ ಅಪ್‌ಡೇಟನ್ನು ಮೊದಲು ಸ್ವಲ್ಪ ಜನಕ್ಕೆ ಮಾತ್ರ ಬಿಟ್ಟೆ. ತೊಂದರೆ ಇಲ್ಲ ಅಂತ ನೋಡಿಕೊಂಡು ಉಳಿದವರಿಗೆ.

ಈಗ ಎಲ್ಲರೂ ಕೇಳುತ್ತಿರುವುದು ಒಂದೇ. ಅಣ್ಣ ತೋಟದಲ್ಲಿ ಬರೆಯುತ್ತಾನೆ, ಅತ್ತಿಗೆ ಮನೆಯಲ್ಲಿ ಬರೆಯುತ್ತಾರೆ, ಎರಡೂ ಒಂದಾಗಬೇಕು. ಸರ್ವರ್ ಹಾಕಿದರೆ ಸುಲಭ, ಆದರೆ ಅದು ಬೇಡ. ಬ್ಯಾಕಪ್ ಫೈಲನ್ನೇ ಇನ್ನೊಂದು ಫೋನಿನಲ್ಲಿ ತೆರೆದು ಜೋಡಿಸುವ ಹಾಗೆ ಮಾಡುತ್ತಿದ್ದೇನೆ. ಒಂದೇ ಆಳಿಗೆ ಒಂದೇ ದಿನ ಇಬ್ಬರೂ ಬೇರೆ ಬೇರೆ ಬರೆದಿದ್ದರೆ ಆ್ಯಪ್ ತಾನಾಗಿ ಯಾವುದನ್ನೂ ಅಳಿಸುವುದಿಲ್ಲ. ಎರಡನ್ನೂ ತೋರಿಸಿ, ಯಾವುದು ಸರಿ ಅಂತ ಕೇಳುತ್ತದೆ. ಮೊದಲಿನ ಪರೀಕ್ಷಕರಲ್ಲೇ ಕೆಲವು ಮನೆಗಳಲ್ಲಿ ಅದು ಈಗ ಓಡುತ್ತಿದೆ.