ದೇಶದ ಪದವಿಯನ್ನು ವಲಯದ ಅಳತೆಗೋಲಿಗೆ ಹೊಂದಿಸುವುದು ಹೇಗೆ?

ಪದವಿ ಮುಗಿಸಿದ ಹುಡುಗಿಯೊಬ್ಬಳು ಪಕ್ಕದ ದೇಶದ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿದ್ದಾಳೆ. ಅಲ್ಲಿನ ಅಧಿಕಾರಿಯ ಮೇಜಿನ ಮೇಲೆ ಅವಳ ಅಂಕಪಟ್ಟಿ ಇದೆ. ಅದರಲ್ಲಿ ವಿಷಯಗಳ ಹೆಸರಿದೆ, ಅಂಕಗಳಿವೆ, ಮೊಹರೂ ಇದೆ. ಆದರೆ ಈ ಪದವಿ ತಮ್ಮಲ್ಲಿನ ಯಾವುದಕ್ಕೆ ಸಮ? ಇದನ್ನು ಕೊಟ್ಟ ಕಾಲೇಜನ್ನು ಪರಿಶೀಲಿಸಿದವರು ಯಾರು? ಹಾಗೆ ಪರಿಶೀಲಿಸಿದವರನ್ನು ನಂಬಬಹುದೇ? ಈ ಮೂರು ಪ್ರಶ್ನೆಗಳಿಗೆ ಆ ಹಾಳೆಯಲ್ಲಿ ಉತ್ತರವಿಲ್ಲ. ಅರ್ಜಿ ಕಡತದಲ್ಲೇ ಕೂರುತ್ತದೆ, ಅವಳ ಒಂದು ವರ್ಷ ಹಾಳಾಗುತ್ತದೆ.

ಆ ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧಪಡಿಸಿಡುವ ಕೆಲಸವನ್ನೇ ವಲಯದ, ಅಂದರೆ ಯುರೋಪಿನಂಥ ದೇಶಗಳ ಗುಂಪಿನ, ಮಾನದಂಡಕ್ಕೆ ಹೊಂದಿಸುವುದು ಎನ್ನುತ್ತಾರೆ. ಹೊಂದಿಸುವುದೆಂದರೆ ಎಲ್ಲ ದೇಶಗಳ ಪದವಿಯನ್ನೂ ಒಂದೇ ಅಚ್ಚಿಗೆ ಹಾಕುವುದಲ್ಲ. ಪ್ರತಿ ದೇಶದ್ದೂ ತನ್ನದೇ ಆಗಿ ಉಳಿಯುತ್ತದೆ, ನಡುವೆ ಎಲ್ಲರಿಗೂ ಅರ್ಥವಾಗುವ ಒಂದು ಅಳತೆಗೋಲು ಇರುತ್ತದೆ. ಈ ಕೆಲಸಕ್ಕೆ ಇಳಿಯುವ ಸಚಿವಾಲಯ, ಮಾನ್ಯತಾ ಮಂಡಳಿ, ವಿಶ್ವವಿದ್ಯಾಲಯ ಯಾವುದೇ ಇರಲಿ, ದಾರಿ ಹೆಚ್ಚುಕಡಿಮೆ ಹೀಗಿದೆ.

ಹೆಜ್ಜೆ 1: ಯಾವ ಅಳತೆಗೋಲು ಎಂದು ತಿಳಿಯಿರಿ

ಈ ಅಳತೆಗೋಲನ್ನು ಚೌಕಟ್ಟು ಎನ್ನುತ್ತಾರೆ: ಪದವಿಗಳನ್ನು ಕೆಳಗಿನಿಂದ ಮೇಲಕ್ಕೆ ಮಟ್ಟಗಳಲ್ಲಿ ಕೂರಿಸುವ ಏಣಿ. ಯುರೋಪಿನಲ್ಲಿ ಇಂಥ ಎರಡು ಅಳತೆಗೋಲುಗಳಿವೆ. 1999ರಲ್ಲಿ 29 ದೇಶಗಳು ಸಹಿ ಹಾಕಿದ ಬೊಲೋನಾ ಘೋಷಣೆಯಿಂದ ಬೆಳೆದ ಉನ್ನತ ಶಿಕ್ಷಣ ಚೌಕಟ್ಟು ಒಂದು. ಪದವಿ, ಸ್ನಾತಕೋತ್ತರ, ಡಾಕ್ಟರೇಟ್ ಎಂಬ ಮೂರು ಹಂತಗಳು ಅದರ ಬೆನ್ನೆಲುಬು. ಇನ್ನೊಂದು, 2008ರಲ್ಲಿ ಬಂದ ಎಂಟು ಮಟ್ಟಗಳ ಯುರೋಪಿಯನ್ ಅರ್ಹತಾ ಚೌಕಟ್ಟು. ಇದು ವೃತ್ತಿ ತರಬೇತಿಯನ್ನೂ ಒಳಗೊಳ್ಳುತ್ತದೆ. ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ನ ಚೌಕಟ್ಟಿನಲ್ಲೂ ಎಂಟು ಮಟ್ಟ. ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಒಕ್ಕೂಟದ ಚೌಕಟ್ಟಿನಲ್ಲಿ ಹತ್ತು.

ಇವುಗಳ ಜೊತೆಗೆ ಒಂದು ದೇಶದ ಪದವಿಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವ ಬಗೆಗಿನ ಒಪ್ಪಂದಗಳೂ ಇವೆ: ಯುರೋಪಿಗೆ 1997ರ ಲಿಸ್ಬನ್ ಒಪ್ಪಂದ, ಏಷ್ಯಾ-ಪೆಸಿಫಿಕ್ ದೇಶಗಳಿಗೆ 2011ರ ಟೋಕಿಯೊ ಒಪ್ಪಂದ, ಆಫ್ರಿಕಾಕ್ಕೆ 2014ರ ಆಡಿಸ್ ಒಪ್ಪಂದ. ಚೌಕಟ್ಟು ಸಾಮಾನ್ಯವಾಗಿ ಸ್ವಇಚ್ಛೆಯದು, ಒಪ್ಪಂದವಾದರೋ ಸೇರಿದ ದೇಶವನ್ನು ಕಟ್ಟಿಹಾಕುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಹೊರಟರೆ ಮುಂದೆ ತೊಡಕು.

ಹೆಜ್ಜೆ 2: ಮೊದಲು ಮನೆಯೊಳಗಿನ ಪಟ್ಟಿ

ದೇಶದಲ್ಲಿ ಕೊಡುವ ಎಲ್ಲ ಪದವಿ, ಡಿಪ್ಲೊಮಾಗಳ ಒಂದು ಸಾರ್ವಜನಿಕ ದಾಖಲೆ ಬೇಕು. ಯಾವುದು ರಾಷ್ಟ್ರೀಯ ಚೌಕಟ್ಟಿನ ಯಾವ ಮಟ್ಟದಲ್ಲಿದೆ, ಅಲ್ಲಿ ಕೂರಿಸಿದವರು ಯಾರು, ಯಾವ ನಿಯಮದಡಿ ಎಂಬುದು ಅದರಲ್ಲಿರಬೇಕು. ಇದಿಲ್ಲದೆ ಮುಂದೆ ಹೋಗಬೇಡಿ.

ಹೆಜ್ಜೆ 3: ‘ಓದಿದ್ದಾನೆ’ ಬಿಡಿ, ‘ಮಾಡಬಲ್ಲ’ ಬರೆಯಿರಿ

ಪಠ್ಯಕ್ರಮಗಳಲ್ಲಿ ಇಂಥ ಸಾಲುಗಳನ್ನು ಧಾರಾಳವಾಗಿ ಕಾಣುತ್ತೇವೆ: ‘ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರದ ಪರಿಚಯ ಮಾಡಿಕೊಡಲಾಗುವುದು.’ ಇದು ಮೇಷ್ಟ್ರ ಕೆಲಸದ ವಿವರ. ವಿದ್ಯಾರ್ಥಿಗೆ ಏನು ಬಂತು ಎಂಬುದು ಇದರಲ್ಲಿಲ್ಲ. ಅದೇ ಸಾಲನ್ನು ಹೀಗೆ ತಿದ್ದಿ ನೋಡಿ: ‘ಕೊಟ್ಟ ದತ್ತಾಂಶಕ್ಕೆ ತಕ್ಕ ಪರೀಕ್ಷಾ ವಿಧಾನವನ್ನು ತಾನೇ ಆರಿಸಿ, ಲೆಕ್ಕ ಮಾಡಿ, ಬಂದ ಫಲಿತಾಂಶದ ಮಿತಿಗಳನ್ನು ಆ ವಿಷಯ ಓದದವರಿಗೂ ವಿವರಿಸಬಲ್ಲರು.’ ಈಗ ಮಟ್ಟ ಗುರುತಿಸಲು ಹಿಡಿತ ಸಿಕ್ಕಿತು. ‘ತಾನೇ ಆರಿಸಿ’ ಎಂಬಲ್ಲಿ ಸ್ವಾತಂತ್ರ್ಯ ಎಷ್ಟೆಂದು ಕಾಣುತ್ತದೆ, ‘ಮಿತಿಗಳನ್ನು’ ಎಂಬಲ್ಲಿ ತಿಳಿವಳಿಕೆಯ ಆಳ. ಯುರೋಪಿನ ಚೌಕಟ್ಟು ಅಳೆಯುವುದೂ ಇದನ್ನೇ: ಜ್ಞಾನ, ಕೌಶಲ, ಹೊಣೆಗಾರಿಕೆ ಮತ್ತು ಸ್ವಾಯತ್ತತೆ.

ಈ ಸಾಲುಗಳನ್ನು ಪಾಠ ಹೇಳುವವರೇ ಬರೆಯಬೇಕು. ಕಚೇರಿಯಲ್ಲಿ ಕೂತು ಬರೆದು ಕಳಿಸಿದ್ದು ಕಡತದಲ್ಲಿ ಉಳಿಯುತ್ತದೆ, ತರಗತಿಗೆ ತಲುಪುವುದಿಲ್ಲ. ಪ್ರತಿ ಸಾಲಿನ ಎದುರು ಅದನ್ನು ಪರೀಕ್ಷಿಸುವ ಪ್ರಶ್ನೆ ಅಥವಾ ಪ್ರಾಜೆಕ್ಟ್ ಯಾವುದು ಎಂದೂ ಬರೆಸಿ. ಎದುರಿನ ಜಾಗ ಖಾಲಿ ಉಳಿದರೆ ಆ ಸಾಲನ್ನು ತೆಗೆದುಹಾಕಿ.

ಹೆಜ್ಜೆ 4: ಮಟ್ಟಕ್ಕೆ ಮಟ್ಟ ಕೂಡಿಸಿ, ಕೂಡದ್ದನ್ನೂ ಹೇಳಿ

ರಾಷ್ಟ್ರೀಯ ಚೌಕಟ್ಟು, ವಲಯದ ಚೌಕಟ್ಟು ಎರಡನ್ನೂ ಪಕ್ಕಪಕ್ಕ ಇಟ್ಟು ಪದಕ್ಕೆ ಪದ ಹೋಲಿಸಿ. ಯಾವುದೂ ಅಚ್ಚುಕಟ್ಟಾಗಿ ಕೂಡುವುದಿಲ್ಲ. ಹೆಚ್ಚು ಹೊಂದುವುದು ಯಾವುದು ಎಂದು ನೋಡುವುದೇ ರೂಢಿ.

ಐರ್ಲೆಂಡ್ ಇದಕ್ಕೆ ಒಳ್ಳೆಯ ಪಾಠ. ಅಲ್ಲಿನ ಚೌಕಟ್ಟಿನಲ್ಲಿ ಹತ್ತು ಮಟ್ಟ, ಯುರೋಪಿನದರಲ್ಲಿ ಎಂಟು. 7ನೇ ಮಟ್ಟದ ಸಾಮಾನ್ಯ ಪದವಿ, 8ನೇ ಮಟ್ಟದ ಆನರ್ಸ್ ಪದವಿ ಎರಡೂ ಯುರೋಪಿನ 6ನೇ ಮಟ್ಟಕ್ಕೇ ಬಂದವು. 9 ಹೋಗಿ 7 ಆಯಿತು, 10 ಹೋಗಿ 8 ಆಯಿತು. ಬೊಲೋನಾ ಚೌಕಟ್ಟಿಗೆ ಹೊಂದಿಸಿದ 2006ರ ವರದಿಯಲ್ಲಿ, ಸಾಮಾನ್ಯ ಪದವಿ ಪಡೆದವರಿಗೆ ನೇರವಾಗಿ ಸ್ನಾತಕೋತ್ತರಕ್ಕೆ ಪ್ರವೇಶ ಸಾಮಾನ್ಯವಾಗಿ ಸಿಗುವುದಿಲ್ಲ ಎಂಬುದನ್ನೂ ಅವರು ಮುಚ್ಚಿಡದೆ ಬರೆದರು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಇಂಥ ಸಾಲೇ. ಕೋಷ್ಟಕವನ್ನು ಯಾರು ಬೇಕಾದರೂ ತುಂಬಬಹುದು. ಓದುವ ಪರದೇಶದ ಅಧಿಕಾರಿಗೆ ನಂಬಿಕೆ ಹುಟ್ಟುವುದು, ಹೊಂದದ ಕಡೆ ‘ಇಲ್ಲಿ ಹೊಂದುವುದಿಲ್ಲ’ ಎಂದು ಬರೆದಿರುವುದನ್ನು ಕಂಡಾಗ.

ಜಗಳಕ್ಕೂ ಸಿದ್ಧರಿರಿ. ಜರ್ಮನಿಯಲ್ಲಿ ಶಾಲಾಂತ್ಯದ ಅಬಿಟುರ್ ಮೇಲೋ ವೃತ್ತಿ ತರಬೇತಿ ಮೇಲೋ ಎಂಬ ವಾದ ಬಗೆಹರಿಯದೆ, 2012ರಲ್ಲಿ ಶಾಲಾ ಪ್ರಮಾಣಪತ್ರಗಳನ್ನು ಸದ್ಯಕ್ಕೆ ಹೊರಗಿಟ್ಟೇ ಮುಂದೆ ಸಾಗಿದರು. ಅದೇ ಚೌಕಟ್ಟಿನಲ್ಲಿ ಕುಶಲಕರ್ಮಿಗಳ ‘ಮೈಸ್ಟರ್’ ಅರ್ಹತೆ ವಿಶ್ವವಿದ್ಯಾಲಯದ ಪದವಿಯ ಜೊತೆ 6ನೇ ಮಟ್ಟದಲ್ಲಿ ಕೂತಿತು. ಹಾಗಾಗಿ ಉದ್ಯಮದವರು, ವೃತ್ತಿ ಸಂಘಗಳು, ವಿದ್ಯಾರ್ಥಿಗಳು ಮೊದಲ ಸಭೆಯಿಂದಲೇ ಇರಲಿ.

ಹೆಜ್ಜೆ 5: ಕ್ರೆಡಿಟ್ಟನ್ನು ಗಂಟೆಯಲ್ಲಿ ಅಳೆಯಿರಿ

ಕ್ರೆಡಿಟ್ ಎಂದರೆ ಓದಿನ ಹೊರೆಯನ್ನು ಎಣಿಸುವ ಏಕಮಾನ. ಯುರೋಪಿನಲ್ಲಿ ಒಂದು ಪೂರ್ಣ ವರ್ಷದ ಓದು 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ. ತರಗತಿ, ಪ್ರಯೋಗಾಲಯ, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲವೂ ಸೇರಿ. ಈಗ ಒಂದು ದೇಶದಲ್ಲಿ ವರ್ಷಕ್ಕೆ 30 ಕ್ರೆಡಿಟ್ ಎಂದಿಟ್ಟುಕೊಳ್ಳಿ. ಮೂರು ಕ್ರೆಡಿಟ್‌ನ ಒಂದು ವಿಷಯಕ್ಕೆ 45 ಗಂಟೆ ಪಾಠ, 90 ಗಂಟೆ ಸ್ವಂತ ಓದು. 30ಕ್ಕೆ 60 ಆದರೆ 3ಕ್ಕೆ 6 ಎಂದು ಎರಡರಿಂದ ಗುಣಿಸಿ ಮುಗಿಸುವುದು ಸುಲಭ. ಗಂಟೆ ಎಣಿಸಿ ನೋಡಿ: ಒಟ್ಟು 135. ಕ್ರೆಡಿಟ್ಟಿಗೆ 27ರಂತೆ ಭಾಗಿಸಿದರೆ ಬರುವುದು 5. ಇಡೀ ವರ್ಷಕ್ಕೆ ಎಣಿಸಿದರೆ 1,350 ಗಂಟೆ. ಯುರೋಪಿನ 60 ಕ್ರೆಡಿಟ್ ಕೇಳುವುದು ಕನಿಷ್ಠ 1,500.

ಈ ಅಂತರ ಎಲ್ಲಿಂದ ಬಂತು? ಒಂದೋ ಓದಿನ ಹೊರೆ ನಿಜವಾಗಿಯೂ ಕಡಿಮೆ, ಇಲ್ಲವೇ ಸ್ವಂತ ಓದಿನ ಗಂಟೆಯನ್ನು ಯಾರೂ ಸರಿಯಾಗಿ ಅಳೆದೇ ಇಲ್ಲ. ವಿದ್ಯಾರ್ಥಿಗಳನ್ನೇ ಕೇಳಿ. ಒಂದು ಸೆಮಿಸ್ಟರ್ ಪೂರ್ತಿ ಗಂಟೆಗಳನ್ನು ಬರೆದಿಡಲು ಹೇಳಿ. ಗುಣಿಸಿ ಮುಚ್ಚಿಹಾಕಿದ ಅಂತರ ಆಮೇಲೆ ಬೇರೆ ದೇಶದ ಕೌಂಟರಿನಲ್ಲಿ ಬಿಚ್ಚಿಕೊಳ್ಳುತ್ತದೆ, ಅಲ್ಲಿ ಅದಕ್ಕೆ ಬೆಲೆ ತೆರುವುದು ವಿದ್ಯಾರ್ಥಿ.

ಹೆಜ್ಜೆ 6: ಮಾನ್ಯತೆ ಕೊಡುವವರನ್ನೂ ಪರೀಕ್ಷೆಗೆ ಕೂರಿಸಿ

ಮಟ್ಟದ ಕೋಷ್ಟಕ ಒಂದು ಮಾತು ಕೊಟ್ಟಂತೆ. ಆ ಮಾತು ನಡೆಯುತ್ತಿದೆಯೇ ಎಂದು ನೋಡುವುದು ಮಾನ್ಯತಾ ಸಂಸ್ಥೆಯ ಕೆಲಸ. 2005ರಲ್ಲಿ ಒಪ್ಪಿ 2015ರಲ್ಲಿ ಪರಿಷ್ಕರಿಸಿದ ಯುರೋಪಿನ ಗುಣಮಟ್ಟ ಮಾನದಂಡಗಳಿಗೆ ಮೂರು ಭಾಗ: ಸಂಸ್ಥೆ ತನ್ನೊಳಗೆ ಮಾಡಿಕೊಳ್ಳುವ ಪರಿಶೀಲನೆ, ಹೊರಗಿನವರು ಮಾಡುವ ಪರಿಶೀಲನೆ, ಆ ಹೊರಗಿನವರನ್ನೇ ಪರಿಶೀಲಿಸುವುದು.

ನಿಮ್ಮ ಸಂಸ್ಥೆಯ ನಿಯಮಗಳನ್ನು ಎದುರಿಗಿಟ್ಟುಕೊಂಡು ನೋಡಿ. ಪರಿಶೀಲನಾ ತಂಡದಲ್ಲಿ ವಿದ್ಯಾರ್ಥಿ ಇದ್ದಾರೆಯೇ? ತಂಡದ ವರದಿ ಪೂರ್ತಿಯಾಗಿ ಪ್ರಕಟವಾಗುತ್ತದೆಯೇ, ಅಥವಾ ಗ್ರೇಡ್ ಮಾತ್ರವೇ? ತೀರ್ಪಿನ ಮೇಲೆ ಮೇಲ್ಮನವಿಗೆ ಅವಕಾಶ ಉಂಟೇ? ಸರ್ಕಾರವಾಗಲಿ ವಿಶ್ವವಿದ್ಯಾಲಯವಾಗಲಿ ತೀರ್ಪು ಬದಲಿಸಲು ಸಾಧ್ಯವೇ? ಎಡವುವುದು ಹೆಚ್ಚಾಗಿ ಈ ಕೊನೆಯ ಪ್ರಶ್ನೆಯಲ್ಲಿ, ಅದನ್ನು ಸರಿಪಡಿಸಲು ಕಾನೂನು ತಿದ್ದುಪಡಿಯೇ ಬೇಕಾಗಬಹುದು. ಯುರೋಪಿನ ಮಾನ್ಯತಾ ಸಂಸ್ಥೆಗಳು ಕನಿಷ್ಠ ಐದು ವರ್ಷಕ್ಕೊಮ್ಮೆ ಹೊರಗಿನವರ ಪರಿಶೀಲನೆಗೆ ಒಳಗಾಗಬೇಕು. 2008ರಲ್ಲಿ ಸ್ಥಾಪನೆಯಾದ, ಇಂಥ ಸಂಸ್ಥೆಗಳ ಯುರೋಪಿನ ನೋಂದಣಿ ಪಟ್ಟಿಯಲ್ಲಿ ಹೆಸರಿರಬೇಕಾದರೆ ಈ ಪರಿಶೀಲನೆ ಬೇಕೇ ಬೇಕು.

ಹೆಜ್ಜೆ 7: ವರದಿ ಬರೆದು ಹೊರಗಿನವರ ಮುಂದಿಡಿ

ಯುರೋಪಿನ ಎಂಟು ಮಟ್ಟದ ಚೌಕಟ್ಟಿಗೆ ಹೊಂದಿಸಲು ಹತ್ತು ಮಾನದಂಡಗಳಿಗೆ ಒಂದೊಂದಾಗಿ ಉತ್ತರಿಸಬೇಕು, ಆಸಿಯಾನ್‌ನಲ್ಲಿ ಹನ್ನೊಂದಕ್ಕೆ. ಬರೆಯುವಾಗಲೇ ಹೊರದೇಶದ ತಜ್ಞರು ಜೊತೆಗಿರಬೇಕು. ಮುಗಿದ ಮೇಲೆ ಕರೆದು ಸಹಿ ಹಾಕಿಸಿಕೊಂಡರೆ ಪ್ರಯೋಜನವಿಲ್ಲ. ವರದಿ ಎಲ್ಲರಿಗೂ ಸಿಗುವಂತೆ ಪ್ರಕಟವಾಗಲಿ.

ಹೆಜ್ಜೆ 8: ಮತ್ತೆ ಅದೇ ಹಾಳೆಗೆ ಬನ್ನಿ

ಇಷ್ಟೆಲ್ಲ ಮಾಡಿದ್ದು ಆ ಹುಡುಗಿಯ ಕೈಯಲ್ಲಿರುವ ಕಾಗದಕ್ಕೆ ಇಳಿಯಬೇಕು. ಪ್ರಮಾಣಪತ್ರದ ಮೇಲೆ ರಾಷ್ಟ್ರೀಯ ಮಟ್ಟ, ವಲಯದ ಮಟ್ಟ ಎರಡನ್ನೂ ಮುದ್ರಿಸಿ. ಜೊತೆಗೆ ಯುರೋಪಿನಲ್ಲಿ ರೂಢಿಯಲ್ಲಿರುವಂಥ ಪದವಿ ಪೂರಕ ಪತ್ರ ಕೊಡಿ. ಅದರಲ್ಲಿ ಎಂಟು ಭಾಗಗಳಿದ್ದು, ಓದಿದ್ದೇನು, ಯಾವ ಮಟ್ಟದ್ದು, ಮುಂದೆ ಏನು ಓದಲು ಅರ್ಹತೆ ಕೊಡುತ್ತದೆ ಎಂಬುದೆಲ್ಲ ಇರುತ್ತದೆ. ಎಂಟನೆಯ ಭಾಗದಲ್ಲಿ ಇಡೀ ದೇಶದ ಉನ್ನತ ಶಿಕ್ಷಣ ವ್ಯವಸ್ಥೆಯ ವಿವರಣೆ. ವಿದ್ಯಾರ್ಥಿ ಅರ್ಜಿ ಹಾಕಿ ಕಾಯುವಂತಾಗಬಾರದು, ಘಟಿಕೋತ್ಸವದ ದಿನವೇ, ಶುಲ್ಕವಿಲ್ಲದೆ ಪದವಿಯ ಜೊತೆಗೇ ಕೈಗೆ ಬರಬೇಕು.

ಲಿಸ್ಬನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಪದವಿಯನ್ನು ನಿರಾಕರಿಸಬೇಕಾದರೆ ಗಣನೀಯ ವ್ಯತ್ಯಾಸವಿದೆ ಎಂದು ತೋರಿಸುವ ಹೊಣೆ ನಿರಾಕರಿಸುವವರದ್ದೇ. ಆ ಅಧಿಕಾರಿ ಈಗ ಪೂರಕ ಪತ್ರ ಬಿಡಿಸಿ ಮಟ್ಟ ನೋಡುತ್ತಾರೆ, ನೋಂದಣಿ ಪಟ್ಟಿಯಲ್ಲಿ ಮಾನ್ಯತಾ ಸಂಸ್ಥೆಯ ಹೆಸರು ಹುಡುಕುತ್ತಾರೆ, ಅನುಮಾನ ಬಂದರೆ ವರದಿ ತೆರೆಯುತ್ತಾರೆ. ವರದಿ ಹಳೆಯದಾಗಿದ್ದರೆ ಅಲ್ಲಿಗೇ ನಿಲ್ಲುತ್ತಾರೆ. ಆದ್ದರಿಂದ ಚೌಕಟ್ಟಿನಲ್ಲಿ ಒಂದು ಮಟ್ಟ ಬದಲಾದರೂ ವರದಿಯನ್ನು ಪರಿಷ್ಕರಿಸಿ, ಪರಿಷ್ಕರಿಸಿದ ದಿನಾಂಕವನ್ನು ಮೊದಲ ಪುಟದಲ್ಲೇ ಹಾಕಿ.